ಮೂರನೇ ಅರ್ಜಿದಾರಳು

ಕಾರವಾರದ ಕೋರ್ಟಿನ ಕಂಪೌಂಡಿಗೆ ಆತು ಕೂತು
ಮೂವತ್ತೊಂದು ವರ್ಷ ಟೈಪು ಕುಟ್ಟಿದ್ದೇನೆ.
ಗಡಿ ತಕರಾರು, ಜೀವನಾಂಶ, ನೌಕಾನೆಲೆಗೆ ಹೋದ ಗದ್ದೆಯ ಪರಿಹಾರ,
ಎಲ್ಲಕ್ಕೂ ಒಂದು ಹಳೆಯ ನಮೂನೆ ಇತ್ತು.
ಇದಕ್ಕೆ ಇರಲಿಲ್ಲ.

ಕೋಡಿಬಾಗದಿಂದ ಅಕ್ಕ ತಂಗಿ ಬಂದರು.
ಅಕ್ಕ ವಸುಧಾ, ಮಡಿಲಲ್ಲಿ ಆಸ್ಪತ್ರೆಯ ದಪ್ಪ ಫೈಲು;
ಅವಳ ಗಂಡ ಛತ್ರಿ ಹಿಡಿದು ನಿಂತೇ ಇದ್ದ.
ತಂಗಿ ಶೇವಂತಿ, ಎರಡು ಮಕ್ಕಳ ತಾಯಿ,
ಕಾಳಿಯ ಇಳಿತದಲ್ಲಿ ತಿಸ್ರೆ ಆಯ್ದು ನೇರ ಬಂದವಳು,
ಉಗುರಲ್ಲಿ ಇನ್ನೂ ಕೆಸರು.

"ಮಗು ಎಲ್ಲಿ?" ಅಂದೆ.
"ಇನ್ನೂ ಇಲ್ಲ" ಅಂದರು.
ಯಾರ ಕೂಸೆಂದು ಮೊದಲು ಕೋರ್ಟು ಹೇಳಬೇಕಂತೆ,
ಆಮೇಲೆ ಡಾಕ್ಟರು ಇಡುತ್ತಾರಂತೆ
ಅಕ್ಕ ಭಾವನ ಬೀಜ ತಂಗಿಯ ಹೊಟ್ಟೆಯಲ್ಲಿ.

'ಸದರಿ ಮಗು' ಎಂದು ಹೊಡೆಯುವಾಗ ಬೆರಳು ನಿಂತಿತು.
ಸದರಿ ಎಂದರೆ ಮೇಲೆ ಹೇಳಿದ್ದು.
ಮೇಲೆ ಎಲ್ಲಿ ಹೇಳಿದೆ? ಬರೀ ಖಾಲಿ ಮಾರ್ಜಿನ್ನು.

'ಮೂರನೇ ಅರ್ಜಿದಾರಳು ಯಾವ ಹಣವನ್ನೂ ಪಡೆದಿಲ್ಲ,
ಸದರಿ ಮಗುವಿನ ಮೇಲೆ ಆಕೆಗೆ ಯಾವ ಹಕ್ಕೂ ಇರತಕ್ಕದ್ದಲ್ಲ.'
ಓದಿ ಹೇಳಿದೆ. ಶೇವಂತಿ ತಲೆಯಾಡಿಸಿದಳು,
ಮೀನಿನ ರೇಟಿಗೆ ಒಪ್ಪಿದ ಹಾಗೆ.
ಆಮೇಲೆ ಕೇಳಿದಳು: "ಅಲ್ರಾ, ಹಾಲು ಬಂದ್ರೆ ಎಂತಾ ಮಾಡೂದು?
ಅದ್ನೂ ಬರೀಬೇಕಾ?"
ಅದಕ್ಕೆ ಕಾಲಂ ಇಲ್ಲ ಎಂದೆ.
ಅಕ್ಕ ಮುಖ ಒರೆಸಿಕೊಂಡಳು, ಸೆಖೆಗೆ ಇರಬೇಕು.

ಮರುವರ್ಷ ಅಷ್ಟಮಿ ಕಳೆದು ಮತ್ತೆ ಬಂದರು.
ಹೆಣ್ಣು ಕೂಸು, ಅಕ್ಕನ ತೋಳಲ್ಲಿ.
ಹೆರಿಗೆ ವಾರ್ಡಿನ ನರ್ಸು 'ತಾಯಿ' ಎಂಬಲ್ಲಿ
ಮಂಚದ ಮೇಲಿದ್ದವಳ ಹೆಸರು ಬರೆದಿದ್ದಾಳೆ.
ತಪ್ಪೇನು? ಕಂಡದ್ದು ಬರೆದಳು.

ತಿದ್ದುಪಡಿ ಅರ್ಜಿ ಹೊಡೆದೆ:
'ಶೇವಂತಿ ಎಂದಿರುವುದನ್ನು ವಸುಧಾ ಎಂದು ಓದಿಕೊಳ್ಳತಕ್ಕದ್ದು.'
ಎಷ್ಟೋ ಸರ್ವೆ ನಂಬರು ಹೀಗೇ ತಿದ್ದಿದ್ದೇನೆ.
ಕೂಸು ಒಮ್ಮೆ ಅತ್ತಿತು.
ಶೇವಂತಿಯ ರವಿಕೆ ಎರಡೂ ಕಡೆ ಒದ್ದೆಯಾಯಿತು.
ಸೆರಗು ಎಳೆದುಕೊಂಡು ಬೈತಖೋಲದ ಕಡೆ ನೋಡುತ್ತ ಕುಳಿತಳು.
ನಾನು ರಿಬ್ಬನ್ನು ಸರಿಮಾಡಿದೆ. ಸರಿಯಾಗಿಯೇ ಇತ್ತು.

ಹೊರಡುವಾಗ ಅವಳೊಬ್ಬಳೇ ಹಿಂದುಳಿದಳು.
"ಮೊದಲ್ನೇ ಅರ್ಜಿದು ಒಂದು ಪ್ರತಿ ಇದ್ರೆ ಕೊಡಿ.
ಜಗಳಕ್ಕಲ್ಲ."
ಕಾರ್ಬನ್ ಪ್ರತಿ ಇತ್ತು, ಮಸುಕು.
ಅವಳು ಓದಿದ್ದು ಮರಾಠಿ ಶಾಲೆ, ನಾಲ್ಕರವರೆಗೆ.
"ನನ್ನ ಹೆಸ್ರು ಎಲ್ಲುಂಟು, ತೋರ್ಸಿ."
ತೋರಿಸಿದೆ. ಅಲ್ಲಿ ಬೆರಳಿಟ್ಟಳು,
ಇಳಿತದ ಮರಳಲ್ಲಿ ತಿಸ್ರೆ ಉಸಿರಾಡುವ ತೂತಿಗೆ
ಇಡುವ ಹಾಗೆ.

ದುಡ್ಡು ಬೇಡವೆಂದೆ. ಕೊಟ್ಟೇ ಹೋದಳು,
ಹತ್ತು ರೂಪಾಯಿ, ಹಸಿ ಹಸಿ.