ಮೂರನೇ ಸಾಲಿನ ಎರಡನೇ ಮೀಸೆ

ಹದಿನಾಲ್ಕು ವರ್ಷ ಶಾರ್ಜಾದ ರೋಲಾದಲ್ಲಿ
ಹಲ್ಲಿನಲ್ಲಿ ದಾರ ಕಚ್ಚಿ ಹಿಡಿದು
ಏಳೆಂಟು ದೇಶದ ಹೆಂಗಸರ ಹುಬ್ಬು ತಿದ್ದಿದವಳು ನಾನು,
ಗಂಗೊಳ್ಳಿಯ ಸುಗಂಧಿ ಖಾರ್ವಿ.
ಪಾರ್ಲರು ಮುಚ್ಚಿತು.
ಈ ಲ್ಯಾಬಿನ ಕೆಲಸ ಕೊಡಿಸಿದ್ದು ಕೈ, ಓದಲ್ಲ.
'ನಡುಗದ ಬೆರಳು ಬೇಕು' ಅಂದರು ಡಾಕ್ಟರ್ ಶೈಮಾ.
ನನ್ನದೇ ಕೂದಲೊಂದನ್ನು ಕೊಟ್ಟು
ಉದ್ದಕ್ಕೆ ಸೀಳು ಅನ್ನಲಿಲ್ಲ, ಪುಣ್ಯ.

ಈಗ ನನ್ನ ಗಿರಾಕಿಗಳು ಇಲಿಮರಿಗಳು.
ಸುಲಿದ ಸಿಗಡಿಯಂಥ ಮೈ,
ಕುಡಿದ ಹಾಲು ಹೊಟ್ಟೆಯ ಹೊರಗಿಂದಲೇ ಬೆಳ್ಳಗೆ ಕಾಣುತ್ತದೆ.
ಕಣ್ಣು ಒಡೆದಿಲ್ಲ, ಕಿವಿ ಬಿರಿದಿಲ್ಲ,
ಮೀಸೆ ಮಾತ್ರ ಉಂಟು.
ತಾಯಿಗೂ ಮೀಸೆ, ಮಗಳಿಗೂ ಮೀಸೆ.
ತಿರುವುವುದು ಮೆರೆಯಲಿಕ್ಕಲ್ಲ,
ಗೋಡೆ ಎಲ್ಲಿದೆ ಎಂದು ಕೇಳಲಿಕ್ಕೆ.

ಐದು ಸಾಲು. ಮೂರನೇ ಸಾಲಿನಲ್ಲಿ ಎರಡನೆಯದು.
ಅದೊಂದನ್ನೇ, ಎಡಗಡೆ ಮಾತ್ರ,
ದಿನಕ್ಕೊಮ್ಮೆ, ಇಪ್ಪತ್ತು ದಿನ ಕತ್ತರಿಸುತ್ತೇನೆ.
ನೋವಾಗುವುದಿಲ್ಲವಂತೆ.
ಹುಬ್ಬಿನವರಿಗೂ ನಾನು ಹಾಗೇ ಹೇಳುತ್ತಿದ್ದೆ.

ಸುಲೈಮಾನಿ ಚಹಾ ಕುಡಿಯುತ್ತ ಶೈಮಾ ಹೇಳಿದರು:
ಒಂದೊಂದು ಮೀಸೆಗೂ ಮೆದುಳಿನಲ್ಲಿ ಒಂದೊಂದು ಕೋಣೆ,
ಮುಖದ ಮೇಲಿನ ಸಾಲು ಹೇಗೋ
ಒಳಗಿನ ಸಾಲೂ ಹಾಗೇ.
ನಾನು ಅಂದೆ, ಬೆಡ್‌ಸ್ಪೇಸು.
ಅವರಿಗೆ ತಿಳಿಯಲಿಲ್ಲ. ವಿಲ್ಲಾದಲ್ಲಿ ಬೆಳೆದವರು.

ನಮ್ಮ ರೂಮಿನಲ್ಲಿ ಆರು ಮಂಚ, ಆರು ಪರದೆ,
ಮಂಚಕ್ಕೊಂದು ಮೊಳೆ, ಮೊಳೆಗೊಂದು ಚೀಲ.
ಒಬ್ಬಳು ರಜೆಗೆ ಊರಿಗೆ ಹೋದರೆ
ಮೊದಲ ವಾರ ಅವಳ ಮಂಚ ಅವಳದೇ.
ಎರಡನೇ ವಾರ ಅಲ್ಲೊಂದು ಒದ್ದೆ ಟವೆಲ್ಲು.
ತಿಂಗಳಿಗೆ ಮಾರಿಸೆಲಳ ಇಸ್ತ್ರಿಪೆಟ್ಟಿಗೆ,
ರಮಣಮ್ಮನ ಅಕ್ಕಿ.
ಯಾರೂ ಕೇಳಿ ತೆಗೆದುಕೊಂಡದ್ದಲ್ಲ,
ಖಾಲಿ ಇತ್ತು, ಹರಡಿದರು.

ಒಮ್ಮೆ ಪರದೆಯಲ್ಲಿ ನೋಡಿದೆ.
ಮಲಗಿದ ಇಲಿ, ಗಾಜಿನಷ್ಟು ತೆಳುವಾದ ಬುರುಡೆ.
ಕತ್ತರಿಸಿದ ಮೀಸೆಯ ಪಕ್ಕದ್ದನ್ನು ಮುಟ್ಟಿದರು,
ಮಿನುಗಿತು, ಎರಡೂ ಕೋಣೆ ಒಟ್ಟಿಗೆ.
ಶೈಮಾ ಚಪ್ಪಾಳೆ ತಟ್ಟಿದರು.
ನನಗೆ ಯಾಕೋ ಆ ಇಸ್ತ್ರಿಪೆಟ್ಟಿಗೆ.
ಇಲಿ ಆಮೇಲೆ ಏನಾಯಿತೆಂದು ಕೇಳಲಿಲ್ಲ.
ಬುಧವಾರ ಹಳದಿ ಚೀಲ ಹೋಗುತ್ತದೆ,
ಸಹಿ ಹಾಕುವವಳು ನಾನೇ.

ದೊಡ್ಡ ಇಲಿಗಾದರೆ ಮೀಸೆ ಮರಳಿದಾಗ
ಕೋಣೆಯೂ ಮರಳುತ್ತದೆಯಂತೆ, ಹೆಚ್ಚುಕಡಿಮೆ.
ಮರಿಯಲ್ಲಿ ಕತ್ತರಿಸಿದರೆ
ಮೀಸೆ ಬರುತ್ತದೆ, ಪೂರಾ ಉದ್ದ, ಮೊದಲಿನಂತೇ.
ಪಕ್ಕದವರು ಮಾತ್ರ ಎದ್ದುಹೋಗುವುದಿಲ್ಲ.

ದಿಲ್‌ಮಾಯಾ ವಾಪಸು ಬಂದದ್ದು ಎರಡು ವರ್ಷದ ಮೇಲೆ,
ಪೋಖರಾದಿಂದ, ಅದೇ ಕೆಂಪು ಸೂಟ್‌ಕೇಸು.
ಎಲ್ಲರೂ ಎದ್ದು ಜಾಗ ಮಾಡಿದೆವು,
ಅಕ್ಕಿ ಸರಿಸಿದೆವು, ನಕ್ಕೆವು.
ಅವಳು ತನ್ನ ಮಂಚದ ಅಂಚಿನಲ್ಲಿ ಕೂತಳು,
ಬಸ್ ಸ್ಟ್ಯಾಂಡಿನಲ್ಲಿ ಕೂರುವ ಹಾಗೆ.
ಇಸ್ತ್ರಿಪೆಟ್ಟಿಗೆ ಕಾಲ ಹತ್ತಿರವೇ ಉಳಿಯಿತು.
'ಇರಲಿ ಬಿಡಿ' ಅಂದಳು.

ಈ ರಾತ್ರಿ ಕರೆಂಟು ಹೋಗಿದೆ.
ಎಸಿ ನಿಂತ ಮೌನದಲ್ಲಿ ಆರು ಉಸಿರು.
ನೀರಿಗೆಂದು ಎದ್ದು ಗೋಡೆ ತಡವುತ್ತೇನೆ:
ಮೊಳೆ, ಚೀಲ, ಪರದೆಯ ಅಂಚು,
ದಾರ ಕೊರೆದ ಈ ಬೆರಳಿಗೆ ಎಲ್ಲ ಬಾಯಿಪಾಠ.
ನಡುವೆ ಬೆಚ್ಚಗಿನ ಒಂದು ಕೈ ಸಿಗುತ್ತದೆ,
ಅದೂ ಗೋಡೆ ತಡವುತ್ತಿದೆ.
ಯಾರು ಎಂದು ಕೇಳುವುದಿಲ್ಲ.
ಅದೂ ಕೇಳುವುದಿಲ್ಲ.