ಅಂಚಿನ ಹಸಿರು

ಟೊಲೀಡೊದ ಗಾಜಿನ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ನನ್ನ ಕೆಲಸ ಇಷ್ಟೇ:
ಬೆಳಕಿನ ಮುಂದೆ ಹಾದುಹೋಗುವ ಹಾಳೆಯಲ್ಲಿ
ಗುಳ್ಳೆ, ಗೀರು, ಕರಗದ ಕಲ್ಲಿನ ಕಣ ಕಂಡರೆ
ಹಳದಿ ಮೇಣದ ಕಡ್ಡಿಯಿಂದ ಒಂದು ಸುತ್ತು.
ಸುತ್ತು ಬಿತ್ತೋ, ಆ ಹಾಳೆ ಮತ್ತೆ ಕುಲುಮೆಗೆ.
ಚೆನ್ನಾಗಿದ್ದದ್ದಕ್ಕೆ ಯಾವ ಗುರುತೂ ಇರಲಿಲ್ಲ.

ಎದುರಿಂದ ನೋಡಿದರೆ ಗಾಜಿಗೆ ಬಣ್ಣವಿಲ್ಲ.
ಅಂಚು ಹಿಡಿದು ನೋಡಿ,
ಆಳವಾದ ಬಾವಿಯ ಹಸಿರು. ಮರಳಲ್ಲಿ
ಚಿಟಿಕೆ ಕಬ್ಬಿಣ ಉಳಿದಿರುತ್ತದೆ, ಅದರದು.
ಹಸಿರು ನನಗೆ ಗೊತ್ತು ಅಂದುಕೊಂಡಿದ್ದೆ.

ಪಕ್ಕದ ಮನೆ ಸುಟ್ಟು, ಕೆಡವಿ, ಖಾಲಿಬಿದ್ದ ಜಾಗದಲ್ಲಿ
ಚಿಕೋರಿ ಎದ್ದಿತ್ತು ಸೊಂಟದೆತ್ತರ.
ಹೂವು ನೀಲಿ; ಮಧ್ಯಾಹ್ನಕ್ಕೆ ಬಾಗಿಲು ಹಾಕುವ ಅಂಗಡಿ.
ಅದರೊಳಗೆ ಏನೋ ಮಿಂಚಿತು.
ಯಾರದೋ ಓಲೆಯ ಹರಳು ಬಿದ್ದಿದೆ ಎಂದು ಬಗ್ಗಿದೆ.
ಹರಳು ಮೀಸೆ ಒರೆಸಿಕೊಂಡಿತು.

ಆಮೇಲೆ ಕಲಿತದ್ದು, ನಿಧಾನವಾಗಿ, ಮೊಣಕಾಲು ನೋಯಿಸಿಕೊಂಡು:
ಮೊಟಕು ಮೀಸೆ, ಎರಡೇ ರೆಕ್ಕೆಯಾದರೆ ಹಸಿರು ನೊಣ, ಬಿಡು.
ಮೈಯೆಲ್ಲ ಸೂಜಿ ಚುಚ್ಚಿದ ಹಾಗೆ ಕುಳಿಯಿದ್ದು
ಮುಟ್ಟಿದರೆ ಉಂಡೆಯಾದರೆ, ಅದು ಕಣಜದ ಜಾತಿ, ಪರರ ಗೂಡು ಕದಿಯುವುದು.
ಎದೆ ಮಾತ್ರ ಹಸಿರು, ಹೊಟ್ಟೆಗೆ ಕಪ್ಪು ಬಿಳಿ ಪಟ್ಟೆಯಾದರೆ
ಅದು ನೆಲದಲ್ಲಿ ಬಿಲ ತೋಡುವ ಹೆಣ್ಣು. ಅದಕ್ಕೆ ಹೆಸರು ಸುಲಭ.
ತಲೆಯಿಂದ ತುದಿವರೆಗೆ ಹಸಿರಾದರೆ
ಅಲ್ಲಿಂದ ಶುರು ತಕರಾರು.

ಇನ್ನೂರ ಹದಿನಾಲ್ಕು ಚಿತ್ರ ತೆಗೆದೆ.
ಬಿಸಿಲಲ್ಲಿ ತೆಗೆದರೆ ಮೈ ಬರೀ ಬಿಳಿ ಹೊಳಪು, ವಿವರ ಸತ್ತಿತು.
ಹಾಲಿನ ಡಬ್ಬಿ ಕತ್ತರಿಸಿ ಲೆನ್ಸಿಗೆ ಕೊಡೆ ಕಟ್ಟಿದೆ.
ಮೋಡದ ದಿನ ಬಣ್ಣ ಕೊಡುತ್ತದೆ, ಆದರೆ ಜೇನು ಬರುವುದಿಲ್ಲ.

ವಿಶ್ವವಿದ್ಯಾಲಯದ ಕೀಟದ ಕೋಣೆಯಿಂದ ಓಸ್ಟ್ರಾಂಡರ್ ಬರೆದಳು:
‘ಚಿತ್ರ ಚೆನ್ನಾಗಿದೆ. ಆದರೆ ಎರಡರಲ್ಲಿ ಯಾವುದು ಹೇಳಲಾರೆ.
ರೆಕ್ಕೆಯಂಚಿನ ಕೋಣೆಯ ತುದಿ ಮೊಂಡೋ ಚೂಪೋ ಕಾಣಬೇಕು.
ಒಂದನ್ನು ಕಳಿಸಿ. ಸೂಜಿಗೆ ಸಿಕ್ಕಿಸಿ.’

ಉಪ್ಪಿನಕಾಯಿ ಭರಣಿಯಲ್ಲಿ ಒಂದನ್ನು ಹಿಡಿದೆ.
ಕೊಲ್ಲುವುದಕ್ಕಲ್ಲ. ಫ್ರಿಜ್ಜಲ್ಲಿ ಹತ್ತು ನಿಮಿಷ ಇಟ್ಟರೆ
ತಣ್ಣಗಾಗಿ ಕೂರುತ್ತದಂತೆ, ರೆಕ್ಕೆ ತೋರಿಸುತ್ತದಂತೆ.
ಆಗಲೇ ತಂಗಿ ಫೋನು ಮಾಡಿದಳು, ಸೊಂಟದ ಆಪರೇಷನ್ನಿನ ಕಥೆ.
ಇಟ್ಟು ನೋಡಿದರೆ ಒಂದೂ ಕಾಲು ಗಂಟೆ.

ಬೆಣ್ಣೆಯ ಪಕ್ಕ, ಮೊಟ್ಟೆಯ ಕೆಳಗೆ,
ಭರಣಿಯ ತಳದಲ್ಲಿ ಒಂದು ಹಸಿರು ಚೂರು.
ಈಗ ಕೋನ ಬೇಕಾದಂತೆ ತಿರುಗಿಸಬಹುದಿತ್ತು.
ಮೊಂಡೋ ಚೂಪೋ ನೋಡಬಹುದಿತ್ತು.
ನಾನು ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ,
ಕ್ಯಾಮೆರಾ ಒಳಗೇ ಉಳಿಯಿತು.

ಎದುರುಮನೆಯ ಟೇವಿಯನ್, ಹತ್ತು ವರ್ಷ,
ಬ್ಯಾಸ್ಕೆಟ್‌ಬಾಲ್ ಆಡಿ ಒದ್ದೆಯಾಗಿ ಬಂದವನು ಕೇಳಿದ:
‘ಸತ್ತಿದೆಯಾ, ಮಿಸ್ ಬ್ರೋನ್ಯಾ?’
ಗೊತ್ತಿಲ್ಲ ಅಂದೆ. ಮೂವತ್ತೊಂದು ವರ್ಷದಲ್ಲಿ
ಆ ಮಾತನ್ನು ನಾನು ಒಮ್ಮೆಯೂ ಆಡಿರಲಿಲ್ಲ.

ಒಂದು ಕಾಲು ಅಲುಗಿತು.
ಆಮೇಲೆ ಇನ್ನೊಂದು, ಬಿಗಿಬಿದ್ದ ಗಡಿಯಾರದ ಮುಳ್ಳಿನ ಹಾಗೆ.
ಹೊಟ್ಟೆ ಉಬ್ಬಿ ಇಳಿಯಿತು, ಉಬ್ಬಿ ಇಳಿಯಿತು.
ನನ್ನ ಬೆರಳು ದಾಟಿ ಹುಡುಗನ ತೋಳಿಗೆ ನಡೆದು
ಅವನ ಬೆವರು ನೆಕ್ಕತೊಡಗಿತು, ಯಾರದೂ ಅಪ್ಪಣೆ ಕೇಳದೆ.
ಉಪ್ಪಿಗೆ ಬರುತ್ತದೆ, ಅಂದೆ.
‘ಕಚಗುಳಿ,’ ಅಂದ, ಉಸಿರು ಬಿಗಿಹಿಡಿದು.

ಆಗ ಓಡಿ ಕ್ಯಾಮೆರಾ ತಂದೆ.
ಇನ್ನೂರ ಹದಿನೈದನೆಯದು: ತೋಳಿನ ಒಂದೊಂದು ರೋಮವೂ ಸ್ಪಷ್ಟ,
ಒಂದು ಹನಿ ಬೆವರು, ಅದರೊಳಗೆ ತಲೆಕೆಳಗಾದ ನಮ್ಮ ಬೀದಿ.
ಜೇನು? ಅಂಚಿನಲ್ಲಿ, ಹೊರಡುತ್ತಿರುವ
ಒಂದು ಹಸಿರು ಗೀರು.

ಕೆಲಸದಲ್ಲಿದ್ದಾಗ ಅದಕ್ಕೊಂದು ಸುತ್ತು ಹಾಕುತ್ತಿದ್ದೆ.

ಓಸ್ಟ್ರಾಂಡರಳಿಗೆ ಇನ್ನೂ ಉತ್ತರ ಬರೆದಿಲ್ಲ.
ಹುಡುಗ ದಿನಾ ಕೇಳುತ್ತಾನೆ, ಅದರ ಹೆಸರೇನು?
ಎರಡು ಹೆಸರನ್ನೂ ಹೇಳಿಕೊಟ್ಟಿದ್ದೇನೆ.
ಒಂದನ್ನು ಬಲಗೈ ತೋಳಿಗೆ ಇಟ್ಟುಕೊಂಡಿದ್ದಾನೆ, ಇನ್ನೊಂದನ್ನು ಎಡಗೈಗೆ.
ಬೆಳಿಗ್ಗೆ ಒಂಬತ್ತಕ್ಕೆ, ಚಿಕೋರಿ ತೆರೆದಿರುವಾಗ,
ಎರಡನ್ನೂ ಚಾಚಿಕೊಂಡು ನಿಂತಿರುತ್ತಾನೆ.