ಒತ್ತಕ್ಷರ

ಅಕ್ಕನ ಗಂಟಲಲ್ಲಿ ಈಗೊಂದು ತೂತು.
ಕಾಬ್ರಾಸಿನ ಮೀನುಪೇಟೆಯಲ್ಲಿ ಮೂವತ್ತೊಂದು ವರ್ಷ
ಮಂಜುಗಡ್ಡೆಯ ರಾಶಿಯ ಮೇಲಿಂದ ಕೂಗಿದ ಗಂಟಲು.
ಆಸ್ಪತ್ರೆಯವರು ಬರೆದು ತೋರಿಸಲು ಸ್ಲೇಟು ಕೊಟ್ಟು ಕಳಿಸಿದರು.
ಮೀನಿನ ಕೈಯಲ್ಲಿ ಬಳಪ ನಿಲ್ಲುವುದಿಲ್ಲ.

ಹಳೆಯ ಕೀಲಿಮಣೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ
ಮೇಲುಸಾಲಿನ ಹನ್ನೆರಡು ಗುಂಡಿಗೆ
ಹನ್ನೆರಡು ಮಾತು ಕಟ್ಟಿದೆ.
ಯಾವ ಹನ್ನೆರಡು?
ಅಡುಗೆಮನೆಯಲ್ಲಿ ಎರಡು ರಾತ್ರಿ ಜಗಳ,
ಅವಳ ಪಾಲಿನದು ಚೀಟಿಗಳಲ್ಲಿ.
"ದಯವಿಟ್ಟು" ಹೊಡೆದುಹಾಕಿದಳು.
"ಕಿವಿರು ನೋಡಿ ಕೊಳ್ಳಿ" ಇರಲಿ ಎಂದಳು.
ಐದನೆಯದು, ಮೀನು ಚಿವುಟಿ ನೋಡಿ
ಕೊಳ್ಳದೆ ಹೋಗುವ ಗಾಸ್ಪಾರೆಗೆಂದೇ ಮೀಸಲಾದ ಬೈಗುಳ.

ಕಂಪ್ಯೂಟರಿನೊಳಗಿನ ಹೆಂಗಸು ಇಟಾಲಿಯನ್ ಮಾತ್ರ ಬಲ್ಲವಳು,
ನಮ್ಮ ಸಾರ್ಡೀನಿಯಾದ ನುಡಿ ಅವಳಿಗೆ ಬಾರದು.
ನಮ್ಮ "ಏಯಾ", ಗಟ್ಟಿ ಹೌದು,
ಅವಳ ಬಾಯಲ್ಲಿ ಪ್ರಶ್ನೆಯಾಗುತ್ತಿತ್ತು.
ಸರಿಯಾಗಿ ಬರೆದರೆ ತಪ್ಪಾಗಿ ನುಡಿಯುತ್ತಾಳೆ,
ತಪ್ಪಾಗಿ ಬರೆದರೆ ಸರಿಯಾಗಿ.
ಕಾಗುಣಿತ ಕೆಡಿಸುತ್ತ ಕೂತೆ.
ಶಾಲೆಯಲ್ಲಿ ಬೆತ್ತದೇಟು ತಿನ್ನಿಸಿದ ತಪ್ಪುಗಳನ್ನೆಲ್ಲ
ಹೆಸರು ಹಿಡಿದು ಕರೆದು ಕೆಲಸಕ್ಕೆ ಹಚ್ಚಿದೆ.
ಒತ್ತಿಲ್ಲದಲ್ಲಿ ಒತ್ತು ಕೊಟ್ಟೆ,
ಪದದ ಹೊಟ್ಟೆಯೊಳಗೇ ಅಲ್ಪವಿರಾಮ ತುರುಕಿದೆ.

ಮೊದಲ ಶನಿವಾರ ಅಕ್ಕ ಸಿಟ್ಟಾಗಿ ಬಂದಳು.
ಚೀಟಿ: ಒತ್ತಿದ ಕೂಡಲೇ ಬೆಲೆ ಹೇಳಿಬಿಡುತ್ತಾಳೆ ನಿನ್ನ ಹೆಂಗಸು,
ಹಸಿದವಳ ಹಾಗೆ.
ಅಂದು ರಾತ್ರಿ ಏಳನೆಯ ಗುಂಡಿಗೆ ಒಂದು ಸಾಲು ಸೇರಿಸಿದೆ:
ನಿಲ್ಲು, ಎರಡು ಸಾವಿರ ಮಿಲಿಸೆಕೆಂಡು.
ಈಗ ಒತ್ತಿ, ತಕ್ಕಡಿ ಒರೆಸುತ್ತ ನಿಲ್ಲುತ್ತಾಳೆ.
ಅಷ್ಟರಲ್ಲಿ ಗಿರಾಕಿಯೇ ಅರ್ಧ ಯೂರೋ ಏರಿಸಿರುತ್ತಾನೆ.

ನಗು ಮಾತ್ರ ನನ್ನನ್ನು ಸೋಲಿಸಿತು.
ಹನ್ನೆರಡನೆಯದರಲ್ಲಿ ಅದೇ ಬೇಕೆಂದಿದ್ದಳು.
ಸ್ವರ ಸೇರಿಸಿ ಬರೆದರೆ ಹಕಾರ ನುಂಗಿ
"ಆ, ಆ, ಆ", ಹಲ್ಲುನೋವಿನವಳ ಹಾಗೆ.
ಸ್ವರ ತೆಗೆದೆ. ಬರೀ ಹಕಾರ, ಮೂರು ಸಲ.
ಉಸಿರಾದರೂ ಬಂದೀತು ಎಂದುಕೊಂಡರೆ
ಆ ಹೆಂಗಸು ಅಕ್ಷರದ ಹೆಸರನ್ನೇ ಓದಿದಳು,
ಇಟಲಿಯ ಮಕ್ಕಳು ವರ್ಣಮಾಲೆ ಒಪ್ಪಿಸುವಂತೆ,
ಒಂದೊಂದೇ, ನಿಧಾನವಾಗಿ:
ಅಕ್ಕಾ.
ಅಕ್ಕಾ.
ಅಕ್ಕಾ.

ಅಳಿಸಲು ಹೋದ ನನ್ನ ಕೈ ಹಿಡಿದಳು ಬೊನಾರಿಯಾ.
ಭುಜ ಕುಣಿಯುತ್ತಿತ್ತು,
ತೂತಿನ ಮೇಲಿನ ಬಟ್ಟೆ ಒಳಕ್ಕೆ, ಹೊರಕ್ಕೆ.
ಮತ್ತೆ ಒತ್ತಿದಳು.
ಬೆರಳಿನಿಂದ ಮೀನಿನ ಹುರುಪೆಯೊಂದು ಜಾರಿ
ಗುಂಡಿಗೆ ಅಂಟಿತು.